ಎಡಗಡೆಯ ಖೋರ್

ನೀರು ಇಳಿದುಹೋಗುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ ಎಂದರೆ ಅದು ಶುದ್ಧ ಸುಳ್ಳು. ಕತಾರಿನ ಅಲ್ ಥಖೀರಾದ ದಡದಲ್ಲಿ ಕಯಾಕ್ ಬಾಡಿಗೆಗೆ ಕೊಡುವ ಮೊಯ್ದಿನ್ ಕುಂಞಿ ಒಂದಲ್ಲ, ಮೂರು ಸಲ ಹೇಳಿದ್ದರು. ಲೈಫ್ ಜಾಕೆಟ್ ಕೊಡುವಾಗ ಒಮ್ಮೆ, ಕಯಾಕನ್ನು ನೀರಿಗೆ ನೂಕುವಾಗ ಒಮ್ಮೆ, ಆಮೇಲೆ ಬೆನ್ನ ಹಿಂದಿನಿಂದ ಕೂಗಿ ಒಮ್ಮೆ.

"ಹತ್ತೂವರೆಗೆ ಇಳಿತ ಸುರು. ಬಲಗಡೆ ದೊಡ್ಡ ಖೋರಿನಲ್ಲೇ ಇರಿ. ಎಡಗಡೆ ಹೋಗ್ಬೇಡಿ, ಅಲ್ಲಿ ನೀರು ನಿಲ್ಲುದಿಲ್ಲ."

ಖೋರ್ ಎಂದರೆ ಸಮುದ್ರ ನೆಲದೊಳಗೆ ಕೈಚಾಚಿದ ಜಾಗ, ಉಪ್ಪು ನೀರಿನ ಹಿನ್ನೀರು. ಅಲ್ಲಿ ಅಂಥವು ಎರಡಿವೆ, ನಡುವೆ ಒಂದು ಕಲ್ಲುದಿಬ್ಬ.

"ಕೇಳಿತಲ್ಲ?" ಎಂದ ಸ್ಯಾಮ್, ಮುಂದಿನ ಸೀಟಿನಿಂದ.

"ಕೇಳಿತು," ಎಂದೆ ನಾನು. ಪ್ಯಾಡಲ್ ಒತ್ತಿ ಕಯಾಕನ್ನು ಎಡಕ್ಕೆ ತಿರುಗಿಸಿದೆ.

ಬಲಗಡೆಯಲ್ಲಿ ನಮ್ಮ ಶಿರ್ವದವರ ಸಂಘದ ಪಿಕ್ನಿಕ್ಕಿಗೆ ಬಂದ ನಲವತ್ತು ಜನ ಇದ್ದರು. ನಲವತ್ತು ಜನ ಎಂದರೆ ಎಂಬತ್ತು ಕಣ್ಣು, ಅದರಲ್ಲಿ ಎರಡು ನನ್ನ ಅಣ್ಣ ಕೆನೆತ್‌ನವು. ನಾನು ಅವನನ್ನು ಕರೆಯುವುದು ಕೆನ್ನಿ ಎಂದು. ಯಾರ ಕಣ್ಣಿಗೂ ಬೀಳದೆ ಸ್ಯಾಮ್ ಜೊತೆ ಒಂದು ಗಂಟೆ ಕಳೆಯಬೇಕೆಂದು ನನಗೆ ಎಷ್ಟೋ ತಿಂಗಳಿನಿಂದ ಆಸೆ ಇತ್ತು.

ವಿಚಿತ್ರವೆಂದರೆ ಅಂದು ಅಣ್ಣನಿಗೆ ನನ್ನ ಮೇಲೆ ಸಿಟ್ಟೇ ಇರಲಿಲ್ಲ. ಎರಡು ವರ್ಷ "ಆ ಪ್ರೊಟೆಸ್ಟೆಂಟ್ ನಮ್ಮ ಮನೆಗೆ ಬೇಡ" ಎಂದು ಹಟ ಹಿಡಿದವನು ಹೋದ ವಾರ ಇದ್ದಕ್ಕಿದ್ದಂತೆ ಒಪ್ಪಿದ್ದ. ಪಿಕ್ನಿಕ್ಕಿನ ಊಟಕ್ಕೆ ಮೊದಲು ಮೈಕ್ ಹಿಡಿದು ನಮ್ಮ ಮದುವೆಯ ಸುದ್ದಿಯನ್ನು ತಾನೇ ಹೇಳುತ್ತೇನೆ ಎಂದಿದ್ದ. ಯಾಕೆ ಒಪ್ಪಿದೆ ಎಂದು ನಾನು ಕೇಳಲಿಲ್ಲ. ಮೂವತ್ತೇಳರ ಹೆಂಗಸು, ಬಾಗಿಲು ತೆರೆದ ಕೂಡಲೇ ಒಳಗೆ ನುಗ್ಗಿದೆ. ಕೇಳಬೇಕಿತ್ತು.

*

ಸ್ಯಾಮ್ಯುಯೆಲ್ ಮುಲ್ಕಿಯವನು. ಅವನ ಮುತ್ತಜ್ಜನ ಕಾಲದಿಂದ ಬಾಸೆಲ್ ಮಿಷನ್ನಿನ ಪ್ರೊಟೆಸ್ಟೆಂಟರು, ನಾವು ಕ್ಯಾಥೊಲಿಕರು. ಅವರ ಮನೆಯಲ್ಲಿ ತುಳು, ನಮ್ಮ ಮನೆಯಲ್ಲಿ ಕೊಂಕಣಿ, ನಮ್ಮಿಬ್ಬರ ಜಗಳ ಕನ್ನಡದಲ್ಲಿ.

ದೋಹಾದಲ್ಲಿ ಎಲ್ಲ ಪಂಗಡದ ಚರ್ಚುಗಳೂ ಅಬು ಹಮೂರಿನ ಒಂದೇ ಕಾಂಪೌಂಡಿನೊಳಗೆ ಇವೆ. ರಜೆಯ ದಿನವಾದ ಶುಕ್ರವಾರ ಎಲ್ಲರಿಗೂ ಒಂದೇ ಗೇಟು, ಒಂದೇ ಧೂಳಿನ ಪಾರ್ಕಿಂಗ್. ಮೂರು ವರ್ಷದ ಹಿಂದೆ ನಾನು ಹೊಸತಾಗಿ ಬಂದಾಗ, ಅಲ್ ಹಿಲಾಲಿನ ನನ್ನ ರೂಮ್‌ಮೇಟ್ ಬ್ರೆಂಡಾ "ಮೆಟ್ಟಿಲು ಹತ್ತಿ ಎಡಕ್ಕೆ" ಎಂದಿದ್ದಳು. ಲೇಟಾಗಿತ್ತು, ನಾನು ಬಲಕ್ಕೆ ಹೋದೆ. ಒಳಗೆ ಕನ್ನಡದಲ್ಲಿ ಹಾಡು ನಡೆದಿತ್ತು. ಇವತ್ತು ಕನ್ನಡ ಬಲಿಪೂಜೆ ಇರಬೇಕು ಎಂದುಕೊಂಡು ಕೂತೆ. ಪಾದ್ರಿಗಳು ಪ್ರಾರ್ಥಿಸೋಣ ಎಂದ ಕೂಡಲೇ ಅಭ್ಯಾಸಬಲದಿಂದ ಮೊಣಕಾಲೂರಿದೆ.

ಯಾರೂ ಊರಲಿಲ್ಲ. ನೂರು ಜನ ಸುಮ್ಮನೆ ತಲೆ ತಗ್ಗಿಸಿ ಕೂತಿದ್ದರು. ನನಗೆ ಏಳಲೂ ನಾಚಿಕೆ, ಹಾಗೇ ಇರಲೂ ನಾಚಿಕೆ. ಅಷ್ಟರಲ್ಲಿ ಪಕ್ಕದ ಸಾಲಿನ ಉದ್ದ ಮನುಷ್ಯನೊಬ್ಬ ಕುರ್ಚಿ ಹಿಂದೆ ಸರಿಸಿ, ಏನೂ ಆಗಿಲ್ಲವೆಂಬಂತೆ ತಾನೂ ಮೊಣಕಾಲೂರಿದ. ನನ್ನ ಕಡೆ ನೋಡಲೂ ಇಲ್ಲ.

ಹೊರಗೆ ಬಂದ ಮೇಲೆ ಕೇಳಿದೆ, "ನಿಮ್ಮಲ್ಲಿ ಹಾಗೆ ಮಾಡುದಿಲ್ಲ ಅಲ್ವಾ?"

"ಇಲ್ಲ."

"ಮತ್ತೆ ಯಾಕೆ ಮಾಡಿದ್ರಿ?"

"ನೀವು ಒಬ್ರೇ ಇದ್ರಿ," ಎಂದ. ಆಮೇಲೆ, "ನಿಮ್ಮ ಚರ್ಚ್ ಆ ಕಡೆ," ಎಂದು ಕೈ ತೋರಿಸಿದ.

ನಾನು ಆ ಕಡೆ ಹೋದೆ. ಆದರೆ ನನ್ನ ಮನಸ್ಸೆಲ್ಲ ಈ ಕಡೆಯೇ ಉಳಿಯಿತು.

*

ಹನ್ನೊಂದು ಗಂಟೆಯ ಹೊತ್ತಿಗೆ ನಮ್ಮ ಹಳದಿ ಕಯಾಕಿನ ಹೊಟ್ಟೆ ಕೆಸರಿಗೆ ತಾಗಿತು. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳು ಒಂದೊಂದಾಗಿ ನೀರಿನಿಂದ ಮೇಲೆ ಬರುತ್ತಿದ್ದವು. ಸಣ್ಣ ಏಡಿಗಳು ನಮ್ಮನ್ನು ಕಂಡು ಬಿಲಕ್ಕೆ ಓಡಿ, ಮತ್ತೆ ಇಣುಕಿ ನೋಡುತ್ತಿದ್ದವು. ಹಿಂದಕ್ಕೆ ಹೋಗೋಣವೆಂದರೆ ಬಂದ ದಾರಿಯಲ್ಲಿ ನೀರೇ ಇರಲಿಲ್ಲ. ಫೋನುಗಳನ್ನು ದಡದಲ್ಲೇ ಬಿಟ್ಟು ಬಂದಿದ್ದೆವು.

"ಎಂತ ಮಾಡುದು ಈಗ?" ಎಂದೆ.

"ನೀನು ಹೇಳು. ತಿರುಗಿಸಿದ್ದು ನೀನು."

"ಬೇಡ ಅಂತ ನೀನು ಹೇಳಿದ್ಯಾ?"

"ಹೇಳಿದ್ರೆ ನೀನು ಕೇಳ್ತಿದ್ಯಾ?"

"ಇಲ್ಲ."

"ಮತ್ತೆ?"

ಅವನು ತಿರುಗಿ ನೋಡಿದ. ಸ್ಯಾಮನ ನಗು ಮೊದಲು ಎಡಗಣ್ಣಿನ ಮೂಲೆಯಲ್ಲಿ ಕಾಣುತ್ತದೆ, ಆಮೇಲೆ ತುಟಿಗೆ ಬರುತ್ತದೆ. ಅದು ಅಲ್ಲಿಂದ ಇಲ್ಲಿಗೆ ಬರುವುದನ್ನು ಕಾಯುವುದೆಂದರೆ ನನಗೆ ಬಲು ಇಷ್ಟ. ಬಿಸಿಲಿಗೆ ಅವನ ಮೂಗಿನ ತುದಿ ಕೆಂಪಾಗಿತ್ತು. ನಾನು ಬೆರಳಿನಿಂದ ಅದನ್ನು ಮುಟ್ಟಿದೆ. ಅವನು ನನ್ನ ಬೆರಳನ್ನು ಹಿಡಿದು ಸ್ವಲ್ಪ ಹೊತ್ತು ಬಿಡಲಿಲ್ಲ.

"ಊಟ ಒಂದು ಗಂಟೆಗೆ," ಎಂದ ಕೊನೆಗೆ. "ಕೆನೆತ್ ಕಾಯ್ತಾರೆ."

"ಕಾಯ್ಲಿ."

"ಇಲ್ಲ ಫ್ರೀಡಾ, ಇವತ್ತು ಲೇಟ್ ಆಗ್ಬಾರ್ದು."

ಅವನ ದನಿಯಲ್ಲಿ ಏನೋ ಗಡಿಬಿಡಿ ಇತ್ತು. ಮದುಮಗನ ಗಾಬರಿ ಇರಬೇಕು ಎಂದುಕೊಂಡೆ.

ಕಲ್ಲುದಿಬ್ಬದ ಆಚೆ ದೊಡ್ಡ ಖೋರಿನ ನೀಲಿ ನೀರು ಕಾಣುತ್ತಿತ್ತು. ಕಾಲು ಕಿಲೋಮೀಟರ್ ಇರಬಹುದು. ಅಲ್ಲಿಗೆ ತಲುಪಿದರೆ ಸುತ್ತು ಹಾಕಿ ಪಿಕ್ನಿಕ್ ಜಾಗಕ್ಕೆ ಹೋಗಬಹುದು. ಕಯಾಕನ್ನು ಬಿಟ್ಟು ಬರೀ ನಡೆದು ಹೋಗೋಣ ಎಂದ ಸ್ಯಾಮ್. ಮೊಯ್ದಿನ್ ಕುಂಞಿಯ ಮುಂದೆ ಕಯಾಕಿಲ್ಲದೆ ಹೋಗಿ ನಿಲ್ಲುವುದಾ? ಅದಕ್ಕಿಂತ ಕೆಸರಿನಲ್ಲೇ ಕೂತಿರುತ್ತೇನೆ ಎಂದೆ.

"ಹಾಗಾದ್ರೆ ಹೊರುವಾ," ಎಂದ ಅವನು ನಿಟ್ಟುಸಿರಿಟ್ಟು.

*

ಕಯಾಕನ್ನು ಮಗುಚಿ ನೀರು ಚೆಲ್ಲಿದೆವು. ಮುಂದಿನ ಹಿಡಿ ಅವನದು, ಹಿಂದಿನದು ನನ್ನದು. ಇಬ್ಬರ ಸೀಟಿನ ಪ್ಲಾಸ್ಟಿಕ್ ದೋಣಿ, ನೀರಿನಲ್ಲಿ ಎಲೆಯಂತೆ ಹಗುರವಿದ್ದದ್ದು ನೆಲದ ಮೇಲೆ ಬೀರುವಿನ ಭಾರವಾಯಿತು. ಕಾಲಡಿಯ ಕಲ್ಲು ಹಳೆಯ ಹವಳದ್ದು, ತುಂಬ ತೂತು, ತೂತಿನ ಅಂಚೆಲ್ಲ ಹರಿತ. ಚಪ್ಪಲಿಯ ರಬ್ಬರನ್ನು ಅದು ಕಚ್ಚಿ ಕಚ್ಚಿ ಬಿಡುತ್ತಿತ್ತು.

ಇಪ್ಪತ್ತು ಹೆಜ್ಜೆ ನಡೆದು ಇಳಿಸಿದೆವು. ಮತ್ತೆ ಇಪ್ಪತ್ತು.

"ಕೈ ನೋವಾಗ್ತದಾ?"

"ಆಗ್ತದೆ. ನೀನು ಉದ್ದ, ಹಾಗಾಗಿ ಭಾರ ಎಲ್ಲ ನನ್ನ ಕಡೆ ಬರ್ತದೆ."

"ನಾನು ಬಗ್ಗಿ ನಡೀತೇನೆ, ನೋಡು."

ಅವನು ನಿಜವಾಗಿ ಮೊಣಕಾಲು ಮಡಚಿ, ಬಾತುಕೋಳಿಯ ಹಾಗೆ ಹೆಜ್ಜೆ ಹಾಕಿದ. ನಾನು ನಕ್ಕು ನಕ್ಕು ಹಿಡಿಯನ್ನೇ ಕೈಬಿಟ್ಟೆ. ಆ ಒಂದು ನಿಮಿಷ ನಾನು ಎಷ್ಟು ಸುಖವಾಗಿದ್ದೆನೆಂದರೆ, ಮದುವೆ ಆದ ಮೇಲೂ ಇವನ ಹಿಂದೆ ಹೀಗೇ ಏನಾದರೂ ಹೊತ್ತುಕೊಂಡು ನಡೆಯಬಹುದು ಅನ್ನಿಸಿತು.

ಮೂರನೆಯ ಸಲ ಎತ್ತಿದಾಗ ಅವನು ಮಾತಾಡಲಿಲ್ಲ. ದವಡೆ ಮಾತ್ರ ಅಲ್ಲಾಡುವುದು ಹಿಂದಿನಿಂದ ಕಾಣುತ್ತಿತ್ತು. ಹೆಜ್ಜೆ ಎಣಿಸುತ್ತಿದ್ದಾನೆ ಎಂದುಕೊಂಡೆ. ಗಾಳಿ ನನ್ನ ಕಡೆಗೆ ತಿರುಗಿದಾಗ ಪದಗಳು ಕೇಳಿಸಿದವು. ಹೆಜ್ಜೆಗೊಂದು ಪದ. ಅದು ಲೆಕ್ಕವಲ್ಲ, "ನಮಾನ್ ಮರಿಯೆ". ನಾನು ಮಾತು ಕಲಿತಾಗಿನಿಂದ ಹೇಳುತ್ತ ಬಂದ, ಅವನ ಚರ್ಚಿನವರು ಯಾರೂ ಹೇಳದ ಮೇರಿಮಾತೆಯ ಪ್ರಾರ್ಥನೆ, ಕೊಂಕಣಿಯಲ್ಲಿ, ತುಳುವರ ಉಚ್ಚಾರದಲ್ಲಿ. ನಡುವೆ ಒಂದು ಕಡೆ ತಪ್ಪಿದ, ನಿಂತ, ಮತ್ತೆ ಮೊದಲಿನಿಂದ ಸುರು ಮಾಡಿದ.

ನಾನು ಕಯಾಕನ್ನು ಕೆಳಗೆ ಬಿಟ್ಟೆ. ಬಿಟ್ಟ ರಭಸಕ್ಕೆ ಅವನು ಮುಗ್ಗರಿಸಿದ.

"ಯಾರು ಕಲಿಸಿದ್ದು ಅದನ್ನು?"

ಅವನು ತಿರುಗಲಿಲ್ಲ.

"ಸ್ಯಾಮ್, ಯಾರು ಕಲಿಸಿದ್ದು?"

"ಕೆನೆತ್ ಪುಸ್ತಕ ಕೊಟ್ಟಿದ್ದಾರೆ," ಎಂದ. ಆಮೇಲೆ ನಿಧಾನವಾಗಿ ತಿರುಗಿ, ಎಲ್ಲವನ್ನೂ ಹೇಳಿದ. ಮೂರು ವಾರದ ಹಿಂದೆ ಕೆನೆತ್ ಅವನನ್ನು ಮನ್ಸೂರಾದ ಒಂದು ಹೋಟೆಲಿಗೆ ಕರೆದು ಚಹಾ ಕುಡಿಸಿದ್ದ. ಈಸ್ಟರಿಗೆ ಮೊದಲು ಕ್ಯಾಥೊಲಿಕ್ ಆಗುವುದಾದರೆ ಮದುವೆಗೆ ತನ್ನ ಅಡ್ಡಿ ಇಲ್ಲ ಎಂದಿದ್ದ. ಇವನು ಹ್ಞೂಂ ಎಂದಿದ್ದ. ಇಂದು ಸುದ್ದಿ ಹೇಳಿದ ಮೇಲೆ ಊಟದ ಪ್ರಾರ್ಥನೆಯನ್ನು ಇವನೇ ಕೊಂಕಣಿಯಲ್ಲಿ ಹೇಳಬೇಕು. ಆಗ ನಲವತ್ತು ಜನಕ್ಕೂ ವಿಷಯ ಗೊತ್ತಾಗುತ್ತದೆ, ಇವನು ಇನ್ನು ನಮ್ಮವನು ಎಂದು.

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹೀಗೆ ನೋಡ್ತಿ ಅಂತ ಗೊತ್ತಿತ್ತು."

"ಹೇಗೆ ನೋಡ್ತಾ ಇದ್ದೇನೆ?"

"ನಾನು ಎಂತದೋ ಕದ್ದ ಹಾಗೆ."

"ಕದ್ದದ್ದೇ. ನನ್ನ ಸ್ಯಾಮನ್ನು ಕದ್ದು ಕೆನ್ನಿಗೆ ಕೊಟ್ಟಿದ್ದಿ."

ಅವನು ಕಲ್ಲಿನ ಮೇಲೆ ಕೂತ. ಅವನ ಬಲಗೈಯಲ್ಲಿ ಹಿಡಿ ಒತ್ತಿದ ಕಡೆ ಚರ್ಮ ಸುಲಿದು ರಕ್ತ ಬಂದಿತ್ತು. ನಾನು ಹತ್ತಿರ ಹೋಗಲಿಲ್ಲ. ಹೋದರೆ ಸಿಟ್ಟು ಕರಗುತ್ತದೆ ಎಂದು ಗೊತ್ತಿತ್ತು.

"ನಿನ್ನ ಅಮ್ಮನಿಗೆ ಗೊತ್ತುಂಟಾ?"

"ಇಲ್ಲ."

ಮುಲ್ಕಿಯಲ್ಲಿ ಅವನ ಅಮ್ಮ ಚರ್ಚಿನ ಹಾರ್ಮೋನಿಯಂ ನುಡಿಸುತ್ತಾರೆ, ಮೂವತ್ತು ವರ್ಷದಿಂದ. ಅವನಿಗೆ ಹಾಡು ಕಲಿಸಿದ್ದು ಅವರು. ನಾನು ಮೂರು ವರ್ಷದಿಂದ ಪ್ರತಿ ಶುಕ್ರವಾರ ನಮ್ಮ ಪೂಜೆ ಮುಗಿಸಿ ಸ್ಯಾಮನ ಚರ್ಚಿನ ಹೊರಗೆ ಕಾಯುತ್ತಿದ್ದದ್ದು ಇವನ ದನಿ ಕೇಳಲಿಕ್ಕೆ. ಒಳಗಿನ ದನಿಗಳಲ್ಲಿ ಎಲ್ಲಕ್ಕಿಂತ ತಗ್ಗಿನದು ಅವನದು. ಕಣ್ಣು ಮುಚ್ಚಿದ್ದರೂ ಗುರುತಿಸುತ್ತೇನೆ.

"ನಂಗೆ ಮೂವತ್ತೊಂಬತ್ತು ಆಯ್ತು ಫ್ರೀಡಾ," ಎಂದ. "ಎರಡು ವರ್ಷ ಪಾರ್ಕಿಂಗಿನಲ್ಲಿ ನಿಂತು ಮಾತಾಡಿದ್ದು ಸಾಕು. ನಿನ್ನ ಜೊತೆ ಒಂದು ಮನೆಯಲ್ಲಿ ಇರ್ಬೇಕು ನಂಗೆ. ಅದಕ್ಕೆ ಪ್ರಾರ್ಥನೆಯ ಭಾಷೆ ಬದಲಾಗ್ಬೇಕಾದ್ರೆ ಆಗ್ಲಿ. ದೇವರು ಒಬ್ನೇ ಅಲ್ವಾ?"

"ಒಬ್ನೇ ಆದ್ರೆ ಬದಲಾಗುದು ಯಾಕೆ? ಬಿಷಪರ ಅನುಮತಿ ತಗೊಂಡು ಇಬ್ರೂ ಇದ್ದ ಹಾಗೇ ಇದ್ದು ಮದುವೆ ಆಗ್ಬಹುದು ಅಂತ ಫಾದರೇ ಹೇಳಿದ್ದಾರೆ. ಕೆನ್ನಿಗೂ ಗೊತ್ತುಂಟು ಅದು. ಅವನಿಗೆ ಬೇಕಾದದ್ದು ನಿನ್ನ ಭಕ್ತಿ ಅಲ್ಲ, ಶಿರ್ವದವರ ಎದುರು ತಲೆ ಎತ್ತಿ ನಿಲ್ಲುದು."

"ಕೊಡುವಾ ಅದನ್ನು. ನಂಗೆಂತ ನಷ್ಟ?"

"ನಂಗೆ ನಷ್ಟ," ಎಂದೆ. "ಮೊದಲ ದಿನ ನೀನು ಮೊಣಕಾಲೂರಿದ್ದು ಯಾರೂ ಹೇಳಿದ್ದಕ್ಕಲ್ಲ. ನಾನು ಒಬ್ಳೇ ಇದ್ದೆ ಅಂತ. ನಾನು ಮನಸ್ಸು ಕೊಟ್ಟದ್ದು ಆ ಮನುಷ್ಯನಿಗೆ. ಈಗ ಕೆನ್ನಿ ಹೇಳಿದ ಅಂತ ಊರ್ತಿ. ಹಾಗೆ ಸಿಗುವ ಸ್ಯಾಮ್ ನಂಗೆ ಬೇಡ. ನೀನು ಕ್ಯಾಥೊಲಿಕ್ ಆದ್ರೆ ನಾನು ನಿನ್ನನ್ನು ಮದುವೆ ಆಗುದಿಲ್ಲ."

ಅವನು ಬಾಯಿ ತೆರೆದು ನನ್ನನ್ನೇ ನೋಡಿದ. "ನಾನು ಕ್ಯಾಥೊಲಿಕ್ ಆಗದಿದ್ರೆ ಕೆನೆತ್ ಬಿಡುದಿಲ್ಲ. ಆದೆ ಅಂದ್ರೆ ನೀನು ಬಿಡುದಿಲ್ಲ. ನಾನು ಎಲ್ಲಿಗೆ ಹೋಗುದು?"

"ನನ್ನ ಪಕ್ಕ ಬಂದು ನಿಲ್ಲು, ಅಷ್ಟೇ. ಉಳಿದದ್ದು ನಾನು ನೋಡ್ಕೊಳ್ತೇನೆ."

"ನಾನು ಮಾತು ಕೊಟ್ಟಾಗಿದೆ."

"ಹಾಗಾದ್ರೆ ಆ ಮಾತನ್ನೇ ಮದುವೆ ಆಗು."

ನಾನು ಮುಂದಕ್ಕೆ ಬಂದು ಅವನ ಕಡೆಯ ಹಿಡಿ ಎತ್ತಿಕೊಂಡು ಕಯಾಕನ್ನು ಒಬ್ಬಳೇ ಎಳೆದೆ. ಅದು ಕಲ್ಲಿನ ಮೇಲೆ ಕಿರ್ರೆಂದು ಅರಚಿತು. ಆರು ಹೆಜ್ಜೆ ಎಳೆದೆ. ಏಳನೆಯದಕ್ಕೆ ಕಾಲು ಜಾರಿ ಮಂಡಿ ಉಜ್ಜಿತು. ಎದ್ದು ಮತ್ತೆ ಎಳೆದೆ. ಕಣ್ಣಲ್ಲಿ ನೀರು ಬಂತು, ಅದು ಉರಿಗೋ ಅವನಿಗೋ ಎಂದು ನೋಡಲು ಹೋಗಲಿಲ್ಲ.

ಇದ್ದಕ್ಕಿದ್ದಂತೆ ಭಾರ ಕಡಿಮೆಯಾಯಿತು. ಅವನು ಹಿಂದಿನ ತುದಿಯನ್ನು ಎತ್ತಿದ್ದ.

ದಿಬ್ಬದ ನೆತ್ತಿಯಲ್ಲಿ ಸ್ವಲ್ಪ ಹೊತ್ತು ಇಳಿಸಿದಾಗ ಅವನು ನನ್ನ ಮಂಡಿಯನ್ನು ನೋಡಿದ, ನಾನು ಅವನ ಅಂಗೈಯನ್ನು ನೋಡಿದೆ. ಇಬ್ಬರೂ ನೋಡಲಿಲ್ಲವೆಂಬಂತೆ ಮುಖ ತಿರುಗಿಸಿದೆವು. ದೂರದ ತಿಳಿನೀರಿನಲ್ಲಿ ಫ್ಲೆಮಿಂಗೊಗಳು ನಿಂತಿದ್ದವು. ಬೇರೆ ದಿನವಾಗಿದ್ದರೆ ಅವನಿಗೆ ತೋರಿಸುತ್ತಿದ್ದೆ.

ಆಚೆಯ ಖೋರಿಗೆ ಇಳಿದಾಗ ಹನ್ನೆರಡೂವರೆ. ಈ ಸಲ ಅವನು ಹಿಂದೆ ಕೂತ. ನಾನು ಮುಂದೆ ಕೂತು ಪ್ಯಾಡಲ್ ಹೊಡೆದೆ. ಹಿಂದಿನಿಂದ ಒಂದು ಸಣ್ಣ ಪಿಸುಮಾತೂ ಬರಲಿಲ್ಲ. ಪ್ರಾರ್ಥನೆಯನ್ನು ಕಂಠಪಾಠ ಮಾಡುತ್ತಿದ್ದಾನೋ, ಮರೆಯುತ್ತಿದ್ದಾನೋ ನನಗೆ ಗೊತ್ತಾಗಲಿಲ್ಲ.

*

ಚಪ್ಪರದ ಕೆಳಗೆ ಎಲ್ಲರೂ ಸೇರಿದ್ದರು. ಬಿರಿಯಾನಿಯ ಡಬ್ಬಗಳು ತೆರೆದಿದ್ದವು, ಅತ್ತಿಗೆ ಜೂಲಿಯೆಟ್ ಮನೆಯಿಂದ ಮಾಡಿ ತಂದ, ಇಡ್ಲಿಯಂಥ ಸಾನ್ನಾಗಳು ಬಿಳಿ ಬಟ್ಟೆಯಡಿ ಇದ್ದವು. ನಮ್ಮ ಕೆಸರು ಬಟ್ಟೆ ಕಂಡು ಯಾರೋ ನಕ್ಕರು. ಮೊಯ್ದಿನ್ ಕುಂಞಿ ಕಯಾಕಿನ ಹೊಟ್ಟೆಯ ಗೀರುಗಳನ್ನು ನೋಡಿ, ನನ್ನನ್ನು ನೋಡಿ, ತಲೆ ಅಲ್ಲಾಡಿಸಿದರು.

ಕೆನ್ನಿ ಖುಷಿಯಲ್ಲಿದ್ದ. ಹೊಸ ಬಿಳಿ ಶರ್ಟು, ಕೈಯಲ್ಲಿ ಮೈಕ್. ಕೊಂಕಣಿಯಲ್ಲಿ ಚಂದದ ನಾಲ್ಕು ಮಾತಾಡಿದ. ತಂಗಿಗೆ ಒಳ್ಳೆಯ ಹುಡುಗ ಸಿಕ್ಕಿದ್ದಾನೆ ಎಂದ, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಸ್ಯಾಮನ ಹೆಗಲ ಮೇಲೆ ಕೈ ಹಾಕಿ, "ಈಗ ಊಟದ ಪ್ರಾರ್ಥನೆ ಸ್ಯಾಮ್ಯುಯೆಲ್ ಹೇಳ್ತಾರೆ, ನಮ್ಮ ಕೊಂಕಣಿಯಲ್ಲಿ," ಎಂದು ಅವನಿಗೆ ತಿಳಿಯಲೆಂದು ಕನ್ನಡದಲ್ಲಿ ಹೇಳಿ ಮೈಕ್ ಕೊಟ್ಟ.

ಸ್ಯಾಮ್ ಮೈಕ್ ಹಿಡಿದು ನಿಂತ. ಸುಲಿದ ಅಂಗೈಗೆ ಅದು ಉರಿದಿರಬೇಕು, ಎಡಗೈಗೆ ದಾಟಿಸಿದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವನು ನನ್ನ ಕಡೆ ನೋಡಲಿಲ್ಲ. ಹತ್ತು ಹೆಜ್ಜೆ ನಡೆದು ಬಂದು ನನ್ನ ಪಕ್ಕ ನಿಂತ. ಕಣ್ಣು ಮುಚ್ಚಿದ.

"ಪರಲೋಕದ ತಂದೆಯೇ," ಎಂದ ಕನ್ನಡದಲ್ಲಿ, ಅವನ ಆ ತಗ್ಗಿನ ದನಿಯಲ್ಲಿ. "ಈ ಊಟಕ್ಕಾಗಿ ಸ್ತೋತ್ರ. ಇದನ್ನು ಬೇಯಿಸಿದ ಕೈಗಳಿಗಾಗಿ ಸ್ತೋತ್ರ. ನನ್ನನ್ನು ಕರೆದು ಕೂರಿಸಿದ ಈ ಜನರಿಗಾಗಿ ಸ್ತೋತ್ರ. ಕೆನೆತರಿಗೆ ನಾನು ಒಂದು ಮಾತು ಕೊಟ್ಟಿದ್ದೆ. ಅವರ ಚರ್ಚಿಗೆ ಸೇರುತ್ತೇನೆ ಎಂದಿದ್ದೆ. ಫ್ರೀಡಾಳನ್ನು ಕೇಳದೆ, ನನ್ನ ಅಮ್ಮನನ್ನು ಕೇಳದೆ, ಹೆದರಿ ಕೊಟ್ಟ ಮಾತು ಅದು. ಇವತ್ತು ಅದನ್ನು ಮುರಿಯುತ್ತಾ ಇದ್ದೇನೆ. ನಾನು ಹುಟ್ಟಿದ ಹಾಗೇ ಇದ್ದು ಇವಳನ್ನು ಮದುವೆ ಆಗುತ್ತೇನೆ. ಮಾತು ಮುರಿದದ್ದಕ್ಕೆ ನನ್ನನ್ನು ಕ್ಷಮಿಸು. ಆಮೆನ್."

"ಆಮೆನ್," ಎಂದೆ ನಾನು, ಎಲ್ಲರಿಗೂ ಕೇಳಿಸುವಷ್ಟು ದೊಡ್ಡದಾಗಿ.

ಹಿಂದಿನ ಸಾಲಿನಿಂದ ಬ್ರೆಂಡಾಳ ಆಮೆನ್ ಬಂತು. ಇನ್ನೊಂದೆರಡು ಬಂದವು, ಉಳಿದವರು ಕೆನ್ನಿಯ ಮುಖ ನೋಡಿ ಸುಮ್ಮನಿದ್ದರು. ಅವನ ಕುತ್ತಿಗೆಯವರೆಗೆ ಕೆಂಪೇರಿತ್ತು. ಹತ್ತಿರ ಬಂದು, ನಮ್ಮಿಬ್ಬರಿಗೆ ಮಾತ್ರ ಕೇಳುವ ಹಾಗೆ ಹೇಳಿದ. ಸ್ಯಾಮನಿಗೂ ತಿಳಿಯಲಿ ಎಂದೇ ಕನ್ನಡದಲ್ಲಿ ಹೇಳಿದ.

"ಮದುವೆ ಆಗು. ನಾನು ತಡೆಯುದಿಲ್ಲ. ಆದ್ರೆ ನಿನ್ನ ರೋಸಿಗೆ ನನ್ನ ಕೈ ಸಿಗುದಿಲ್ಲ."

ಮದುವೆಯ ಹಿಂದಿನ ದಿನ ಹುಡುಗಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವುದು ನಮ್ಮ ರೋಸ್. ಮನೆಯ ಹಿರಿಯರು ಮೊದಲು ಹಣೆಗೆ ಶಿಲುಬೆ ಬರೆದು ಹಾಲು ಹಚ್ಚಬೇಕು, ಆಮೇಲೆ ಉಳಿದವರು. ನನಗೆ ಅಪ್ಪ ಇಲ್ಲ, ಅಮ್ಮ ಇಲ್ಲ. ಅಪ್ಪ ಹೋದಾಗ ನನಗೆ ಹತ್ತೊಂಬತ್ತು, ಕೆನ್ನಿಗೆ ಇಪ್ಪತ್ತೊಂದು. ಅಂದಿನಿಂದ ನನ್ನ ಫೀಸು, ನನ್ನ ವೀಸಾ, ನನ್ನ ಜ್ವರ ಎಲ್ಲವನ್ನೂ ನೋಡಿದವನು ಅವನು. ರೋಸಿನ ದಿನವನ್ನು ಯೋಚಿಸಿದಾಗಲೆಲ್ಲ ನನ್ನ ಹಣೆಯ ಮೇಲೆ ಇದ್ದದ್ದು ಅವನ ಕೈ. ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದೇ ಹೇಳಿದ. ತುಂಬ ನೋಯಿತು.

ನಾನು ಅಳಲಿಲ್ಲ. "ನಂಗೆ ನಿನ್ನ ಕೈ ಬೇಕು ಕೆನ್ನಿ," ಎಂದೆ. "ಎಷ್ಟು ಬೇಕು ಅಂತ ನಿಂಗೆ ಗೊತ್ತುಂಟು. ಆದ್ರೆ ಅದಕ್ಕೆ ಬದಲು ಇವನನ್ನು ಕೊಡುದಿಲ್ಲ."

ಕೆನ್ನಿ ಸ್ಯಾಮನಿಂದ ಮೈಕನ್ನೂ ತಿರುಗಿ ಕೇಳದೆ ಕಾರುಗಳ ಕಡೆಗೆ ನಡೆದ. ಸ್ಯಾಮ್ ಅವನ ಹಿಂದೆ ಹೊರಟ. ನಾನು ಅವನ ಲೈಫ್ ಜಾಕೆಟಿನ ಪಟ್ಟಿ ಹಿಡಿದು ನಿಲ್ಲಿಸಿದೆ.

"ನೀನು ಹೋಗಿ ಎಂತ ಮಾಡ್ತಿ? ಮತ್ತೆ ಒಂದು ಮಾತು ಕೊಟ್ಟು ಬರ್ತಿಯಾ?"

"ಸಾರಿ ಹೇಳಿ ಬರ್ತೇನೆ."

"ದೇವರಿಗೆ ಹೇಳಿಯಾಯ್ತಲ್ಲ. ಸಾಕು. ಕೂತು ಊಟ ಮಾಡು."

ನಗು ಅವನ ಎಡಗಣ್ಣಿನ ಮೂಲೆಯವರೆಗೆ ಬಂತು, ತುಟಿಗೆ ಬರಲು ಧೈರ್ಯ ಮಾಡಲಿಲ್ಲ. ಅಷ್ಟರಲ್ಲಿ ಅತ್ತಿಗೆ ಜೂಲಿಯೆಟ್ ಒಂದು ತಟ್ಟೆ ತಂದು ನಮ್ಮಿಬ್ಬರ ನಡುವೆ ಇಟ್ಟಳು. ಎರಡು ಸಾನ್ನಾ, ಮೇಲೆ ಕೋಳಿ ಸಾರು. ಗಂಡ ಹೋದ ಕಡೆ ಒಮ್ಮೆ ನೋಡಿ, ಧ್ವನಿ ತಗ್ಗಿಸದೆ ಕೇಳಿದಳು, "ತಾರೀಖು ಯಾವಾಗ?"

"ಈಸ್ಟರ್ ಆದ ಮೇಲೆ," ಎಂದೆ ನಾನು.

"ಮೊದಲ ಶನಿವಾರ," ಎಂದ ಸ್ಯಾಮ್.

ನಾವಿಬ್ಬರೂ ಒಂದೇ ತಟ್ಟೆಯಿಂದ ಉಂಡೆವು, ಎಪ್ಪತ್ತೆಂಟು ಕಣ್ಣುಗಳ ಮುಂದೆ. ನಿಧಾನವಾಗಿ ಉಂಡೆವು. ಅವನ ಬಲಗೈ ಉರಿಯುತ್ತಿದ್ದುದರಿಂದ ತುತ್ತು ಮುರಿದು ಕೊಟ್ಟವಳು ನಾನು, ಯಾರು ಬೇಕಾದರೂ ನೋಡಿಕೊಳ್ಳಲಿ ಎಂದು. ಕಿವಿ ಮಾತ್ರ ಪೂರ್ತಿ ಕಾರುಗಳ ಕಡೆಗಿತ್ತು. ಬಾಗಿಲು ತೆರೆದದ್ದು ಕೇಳಿತು, ಮುಚ್ಚಿದ್ದು ಕೇಳಿತು. ಎರಡನೆಯ ಸಾನ್ನಾ ಮುಗಿಯುವವರೆಗೂ ಕಾರು ಸ್ಟಾರ್ಟ್ ಆದ ಸದ್ದು ಬರಲಿಲ್ಲ. ನಾನು ಜೂಲಿಯೆಟ್ ಅತ್ತಿಗೆಗೆ ಇನ್ನೊಂದು ತಟ್ಟೆ ಹಾಕಲು ಹೇಳಿದೆ, ಅಣ್ಣನಿಗೆ.